ಆಸ್ಪತ್ರೆಯಲ್ಲಿ ಗೊತ್ತಿರುವವರು

ವಶೀಲಿಯಿಲ್ಲದೆ ಬೆಂಗಳೂರಿನಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ ಎಂದು ನಂಬಿಕೊಂಡೇ ಅರ್ಧ ಆಯುಷ್ಯ ಕಳೆದವನು ನಾನು. ಗ್ಯಾಸ್ ಸಿಲಿಂಡರಿರಲಿ, ರೈಲಿನ ಸೀಟಿರಲಿ, ಮೊದಲು ಯಾರಾದರೊಬ್ಬರ ಭಾವಮೈದುನನನ್ನು ಹುಡುಕಿಕೊಂಡು ಹೊರಡುತ್ತಿದ್ದೆ. ಬಹಳಷ್ಟು ಸಲ ಆ ಭಾವಮೈದುನ ರಜೆಯ ಮೇಲಿರುತ್ತಿದ್ದ. ಕೆಲಸವೇನೋ ತಾನಾಗಿಯೇ ಆಗುತ್ತಿತ್ತು, ಕೀರ್ತಿಯನ್ನು ಮಾತ್ರ ನಾನು ಅವನಿಗೇ ಕೊಡುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಹಲಸೂರಿನಲ್ಲಿದ್ದೆವು. ಒಮ್ಮೆ ಆರು ವರ್ಷದ ಮಗಳು ಚಿನ್ಮಯಿಗೆ ವಾಂತಿಭೇದಿ ಹತ್ತಿಕೊಂಡು ಒಂದೇ ದಿನದಲ್ಲಿ ಕಣ್ಣು ಗುಳಿಬಿದ್ದವು. ಕುಡಿಸಿದ ನೀರೂ ನಿಲ್ಲಲಿಲ್ಲ. ಆಟೋ ಹತ್ತಿ ಶಿವಾಜಿನಗರದ ಸರ್ಕಾರಿ ಆಸ್ಪತ್ರೆಗೆ ಬಂದೆವು. ಅಲ್ಲಿನ ಉದ್ದನೆಯ ಸಾಲು ನೋಡಿದ್ದೇ ತಡ, ಹೆಂಡತಿ ಸುಧಾಳಿಗೆ, "ನೀನಿಲ್ಲೇ ನಿಂತಿರು, ಗೊತ್ತಿರೋರೊಬ್ಬರನ್ನ ಹಿಡ್ಕೊಂಡ್ ಬರ್ತೀನಿ" ಎಂದೆ.

"ಸುಮ್ನೆ ಇಲ್ಲೇ ಇರ್ರೀ, ಮಗು ನಿಮ್ಮನ್ನೇ ನೋಡ್ತಿದೆ" ಎಂದಳು.

ಕೇಳುವ ಪೈಕಿಯೇ ನಾನು? ನಮ್ಮ ಕಾರ್ಖಾನೆಯ ಸೂಪರ್‌ವೈಸರರ ಷಡ್ಡಕರು ಅಲ್ಲಿ ರೆಕಾರ್ಡ್ ವಿಭಾಗದಲ್ಲಿದ್ದಾರೆಂದು ಎಂದೋ ಕಿವಿಗೆ ಬಿದ್ದಿತ್ತು. ರೆಕಾರ್ಡಿನವರು ನನ್ನನ್ನು ಔಷಧಿ ಉಗ್ರಾಣಕ್ಕೆ ಕಳಿಸಿದರು, ಉಗ್ರಾಣದವರು ಎಕ್ಸ್‌ರೇಗೆ ಕಳಿಸಿದರು. ಎಕ್ಸ್‌ರೇಯ ಹಿರಿಯರೊಬ್ಬರು ಟೀ ಲೋಟ ಕೆಳಗಿಟ್ಟು, "ಅವ್ರಾ? ಟ್ರಾನ್ಸ್‌ಫರ್ ಆಗಿ ಮೂರು ವರ್ಷ ಆಯ್ತಲ್ಲಾ ಸಾರ್!" ಎಂದರು. ಅಷ್ಟರಲ್ಲಿ ಒಂದು ಗಂಟೆ ಕಳೆದಿತ್ತು.

ಹಿಂತಿರುಗಿದರೆ ಸಾಲಿನಲ್ಲಿ ಹೆಂಡತಿಯೂ ಇಲ್ಲ, ಮಗುವೂ ಇಲ್ಲ. ಯಾರೋ ತೋರಿಸಿದ ಮಕ್ಕಳ ವಾರ್ಡಿಗೆ ಓಡಿದೆ. ಬಾಗಿಲಲ್ಲೇ ಸಿಸ್ಟರ್ ಸೆಲ್ವಿ ತಡೆದರು.

"ಚಿನ್ಮಯಿ ಅಪ್ಪಾವಾ? ಇಷ್ಟೊತ್ತು ಎಲ್ ಹೋಗಿದ್ರಿ? ಡಾಕ್ಟ್ರು ಮಗೂನ ನೋಡಿದ ಕೂಡ್ಲೇ ಸಾಲಿಂದ ಎತ್ಕೊಂಡ್ ಬಂದ್ಬಿಟ್ರು. ಡ್ರಿಪ್ ಹಾಕಿದೀವಿ, ಭಯ ಇಲ್ಲ. ಸೂಜಿ ಹಾಕೋವಾಗ ಮಾತ್ರ ಅಪ್ಪಾ ಅಪ್ಪಾ ಅಂತ ಒಂದೇ ಅಳು. ಅಮ್ಮ ತಲೆ ಹಿಡ್ಕೊಂಡ್ರು, ನಮ್ಮ ಜೈತೂನ್ ಆಯಾ ಕೈ ಹಿಡ್ಕೊಂಡ್ರು."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಕೈ ನಾನು ಹಿಡಿಯಬೇಕಾಗಿತ್ತು. ಸುಧಾ ಏನೂ ಬೈಯಲಿಲ್ಲ, ಸ್ಟೂಲಿನ ಮೇಲೆ ಸ್ವಲ್ಪ ಸರಿದು ಜಾಗ ಕೊಟ್ಟಳು. ಬೈದಿದ್ದರೇ ವಾಸಿಯಿತ್ತು.

ಸಂಜೆಯ ಹೊತ್ತಿಗೆ ಮಗಳ ಮುಖಕ್ಕೆ ಕಳೆ ಬಂತು. ಜೈತೂನ್ ಆಯಾ ಕೂದಲು ಬಾಚಿ ಎರಡು ಜಡೆ ಹಾಕಿದ್ದರು.

"ಅಪ್ಪಾ, ಯಾರನ್ನ ಹುಡುಕ್ತಿದ್ದೆ?"

"ಗೊತ್ತಿರೋರನ್ನ, ಪುಟ್ಟಿ."

"ನನ್ನ ಕೇಳ್ಬೇಕಿತ್ತು. ನಂಗೆ ಇಲ್ಲಿ ಎಲ್ರೂ ಗೊತ್ತು" ಎಂದು ಬೆರಳು ಮಡಚುತ್ತ ಸಿಸ್ಟರು, ಆಯಾ, ಡಾಕ್ಟರು, ಪಕ್ಕದ ಮಂಚದ ರಾಯಚೂರಿನ ಅಜ್ಜಿ, ಎಲ್ಲರನ್ನೂ ಪರಿಚಯಿಸಿದಳು. ನಾನು ಕಿಟಕಿಯತ್ತ ತಿರುಗಿ ಕಣ್ಣೊರೆಸಿಕೊಂಡೆ.

ಮರುದಿನ ಬ್ರೆಡ್ಡು ತೆಗೆದುಕೊಂಡು ಬರುವಾಗ ಗೇಟಿನಲ್ಲಿ ಕಾವಲಿನವನು, "ಟೈಮ್ ಮುಗೀತು. ಯಾರ ಕಡೆಯವ್ರು ನೀವು?" ಎಂದು ಅಡ್ಡಗಟ್ಟಿದ. ಬಾಯಿಗೆ ಯಾವ ಭಾವಮೈದುನನ ಹೆಸರೂ ಬರಲಿಲ್ಲ.

"ಚಿನ್ಮಯಿ ಅಪ್ಪ" ಎಂದೆ.

"ಓ, ಆ ವಾಯಾಡಿ ಪಾಪುನಾ? ವಾರ್ಡ್ ಕಡೆ ಹೋದ್ರೆ ನನ್ನನ್ನೂ ಬಿಡ್ದೆ ಮಾತಾಡಿಸ್ತಾಳೆ. ಹೋಗಿ ಹೋಗಿ" ಎಂದು ಗೇಟು ತೆರೆದ.

ನನ್ನ ಜೀವಮಾನದಲ್ಲಿ ನಿಜಕ್ಕೂ ನಡೆದ ವಶೀಲಿ ಅದೊಂದೇ. ಎದೆಯುಬ್ಬಿಸಿಕೊಂಡು ಒಳಗೆ ಹೋದೆ.