ಅಡ್ಜಸ್ಟ್ ಆಗದ ಭಾವ

ಕಳೆದ ಫೆಬ್ರವರಿಯ ಮೊದಲ ಭಾನುವಾರ ಬೆಳಿಗ್ಗೆ ಆರೂವರೆಗೆ, ಮಲ್ಲೇಶ್ವರದ ಮೈದಾನವೊಂದರಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದ ನಮ್ಮ ಭಾವನ ಬ್ಯಾಟು ಕೈಯಿಂದ ಹಾರಿ ನೆಟ್ಟಿನಾಚೆ ಬಿತ್ತು. ಚೆಂಡು ಈಚೆಯೇ ಉಳಿಯಿತು. ಇದಕ್ಕೆ ಒಂಬತ್ತು ಆಟಗಾರರು ಸಾಕ್ಷಿ. ಬ್ಯಾಟಿನ ಹಿಡಿ ಜಾರುತ್ತಿತ್ತು ಎಂದು ಭಾವ ಹೇಳಿಕೆ ಕೊಟ್ಟರು. ಅದನ್ನು ಈವರೆಗೆ ಹಿಂತೆಗೆದುಕೊಂಡಿಲ್ಲ.

ಬೆಂಗಳೂರಿನಲ್ಲಿ ಹುಟ್ಟಿ, ಅರವತ್ತಮೂರು ವರ್ಷ ಇಲ್ಲೇ ಬಾಳಿ, ಯಾವುದಕ್ಕೂ ಅಡ್ಜಸ್ಟ್ ಮಾಡಿಕೊಳ್ಳದ ಏಕೈಕ ವ್ಯಕ್ತಿ ನಮ್ಮ ಅಕ್ಕನ ಗಂಡ. ಒಮ್ಮೆ ಬಸ್ಸಿನಲ್ಲಿ ಒಬ್ಬರು, "ಸಾರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದು ಸೀಟಿನ ತುದಿ ಕೇಳಿದರು. ಭಾವ ಎದ್ದು ನಿಂತರು.

"ಪೂರ್ತಿ ತಗೊಳ್ಳಿ. ಅರ್ಧ ಕೊಡೋ ಅಭ್ಯಾಸ ಇಲ್ಲ."

ಚಾಮರಾಜಪೇಟೆಯವರೆಗೂ ನಿಂತೇ ಬಂದರು. ಪಕ್ಕದಲ್ಲಿ ನಾನೂ ನಿಂತಿದ್ದೆ. ಆ ಸೀಟನ್ನು ನನಗೆ ಕೊಡಬಹುದಿತ್ತು ಎಂದು ಅವರಿಗೆ ಹೊಳೆಯಲೇ ಇಲ್ಲ.

ಕಳೆದ ವರ್ಷ ಅವರ ಕತ್ತು ಎಡಕ್ಕೆ ತಿರುಗದಾಯಿತು. ಆಗ ಏನು ಮಾಡಿದರು? ಟಿವಿಯನ್ನು ಬಲಕ್ಕೆ ಸರಿಸಿದರು. ಹಿಂದೆಯೇ ಕ್ಯಾಲೆಂಡರ್, ಊಟದ ಮೇಜು ಬಲಕ್ಕೆ ಬಂದವು. ಎಡಗಡೆ ಕೂತಿದ್ದ ನೆಂಟರೊಬ್ಬರು, ಭಾವ ತಮ್ಮನ್ನು ಮಾತನಾಡಿಸಲಿಲ್ಲವೆಂದು ಇನ್ನೂ ಮುನಿಸಿಕೊಂಡಿದ್ದಾರೆ.

ಬ್ಯಾಟು ಹಾರಿದ ದಿನ ತಂಡದ ಗೆಳೆಯರೊಬ್ಬರು ಸಲಹೆ ಕೊಟ್ಟರು. "ಗುರು, ಒಬ್ರು ಕೈರೋಪ್ರ್ಯಾಕ್ಟರ್ ಇದಾರೆ, ಹೋಗ್ಬಾ. ಕತ್ತು ಹಿಡ್ದು ಲಟಕ್ ಅನ್ಸ್ತಾರೆ ಅಷ್ಟೆ. ಮುಂದಿನ ಭಾನುವಾರ ಬಂದ್ಬಿಡ್ತೀಯ."

ಬರದೆ ಇದ್ದರೆ? ತಂಡದಲ್ಲಿರುವುದು ಐದೇ ಜಾಗ. ಅಂಕಣದ ಹಿಂದಿನ ಬಲಮೂಲೆ ಇಪ್ಪತ್ತೆಂಟು ವರ್ಷಗಳಿಂದ ಭಾವನದು. ಆ ಮೂಲೆಗಾಗಿ ಶ್ರೀರಾಂಪುರದವರೊಬ್ಬರು ಪ್ರತಿ ಭಾನುವಾರ ಬಂದು ಬೂಟಿನ ದಾರ ಬಿಗಿದುಕೊಂಡು ಕಾಯುತ್ತಿದ್ದರು.

ಬುಧವಾರ ಅಕ್ಕ, ಭಾವ, ನಾನು ಮೂವರೂ ಹೋದೆವು. ಕೈರೋಪ್ರ್ಯಾಕ್ಟರ್ ಮೂವತ್ತರ ಆಸುಪಾಸಿನ ಹೆಣ್ಣುಮಗಳು.

"ಮೊದ್ಲು ಪರೀಕ್ಷೆ ಮಾಡ್ತೀನಿ ಅಂಕಲ್. ಎಲ್ಲಾ ಸರಿ ಇದ್ರೆ ಅಡ್ಜಸ್ಟ್ ಮಾಡ್ತೀನಿ."

ಕೀಲನ್ನು ಒತ್ತಿ ಸರಿಹೊಂದಿಸುವುದಕ್ಕೆ ಅವರ ವೃತ್ತಿಯಲ್ಲಿ ಹೆಸರೇ ಅದು. ಭಾವನಿಗೆ ಗೊತ್ತಿರಲಿಲ್ಲ.

"ಅದು ನನ್ ಕೈಲಿ ಆಗಲ್ಲಮ್ಮ. ಬೇಕಾದ್ರೆ ಇವಳನ್ನ ಕೇಳಿ."

"ನಿಜ ಡಾಕ್ಟ್ರೇ," ಎಂದಳು ಅಕ್ಕ. "ಮೂವತ್ತಾರು ವರ್ಷದಿಂದ ನಾನೇ ಆಗ್ತಿರೋದು."

ಆಕೆ ನಕ್ಕು, "ಶರ್ಟ್ ಬಿಚ್ಚಿ ಅಂಕಲ್" ಎಂದರು. ಭಾವ ಸೂರು ನೋಡುತ್ತ ನಿಂತರು. ಅಕ್ಕ ಮುಂದೆ ಹೋಗಿ ಒಂದೊಂದೇ ಗುಂಡಿ ಬಿಚ್ಚಿದಳು.

"ಎಷ್ಟು ದಿನದಿಂದ ಕೈ ಹೀಗೆ?"

"ಒಂದು ವಾರ," ಎಂದರು ಭಾವ.

"ದೀಪಾವಳಿಯಿಂದ," ಎಂದಳು ಅಕ್ಕ.

ಆಕೆ ಭಾವನ ಬಲಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಕಾಗದ ಇಟ್ಟು ಮೆಲ್ಲಗೆ ಎಳೆದರು. ಕಾಗದ ಬಂದುಬಿಟ್ಟಿತು. ಹೆಬ್ಬೆರಳಿನ ತುದಿಗೆ ಸೂಜಿಮೊನೆ ತಾಗಿಸಿದರು. ಭಾವನಿಗೆ ತಿಳಿಯಲಿಲ್ಲ.

"ನಾನು ಕತ್ತು ಮುಟ್ಟಲ್ಲ ಅಂಕಲ್. ನರ ಒತ್ತಿರೋ ಹಾಗಿದೆ. ಈಗ ಲಟಕ್ ಅನ್ಸಿದ್ರೆ ಕೈಯೇ ಹೋಗ್ಬಹುದು. ಸ್ಕ್ಯಾನ್ ಮಾಡ್ಸಿ, ನರದ ಡಾಕ್ಟರ್ ಹತ್ರ ಹೋಗಿ, ಇವತ್ತೇ."

"ಭಾನುವಾರ?"

"ಆಡೋ ಹಾಗಿಲ್ಲ."

ಅಕ್ಕ ಗುಂಡಿಗಳನ್ನು ಮತ್ತೆ ಹಾಕಿದಳು.

ಹೊರಗೆ ಬಂದ ಮೇಲೆ ಅವಳನ್ನು ಪಕ್ಕಕ್ಕೆ ಕರೆದು ಕೇಳಿದೆ. "ಕೈ ಹೀಗಾಗಿದೆ ಅಂತ ನಂಗಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಸುದ್ದಿ ಆಗ್ತಿತ್ತು ಕಣೋ. ಇವ್ರ ಮೂಲೇಲಿ ಬೇರೆಯವ್ರನ್ನ ನಿಲ್ಲಿಸ್ಬಿಡ್ತಿದ್ರು."

ದಿನವೂ ಬೆಳಿಗ್ಗೆ ಐದಕ್ಕೆ ಎದ್ದು ಗಂಡನಿಗೆ ಅಂಗಿ ತೊಡಿಸುತ್ತಿದ್ದವಳು ಅವಳು. ಬೆರಳಿಗೆ ಸಿಗಲೆಂದು ಹಳೆಯ ಸೀರೆಯ ಅಂಚು ಹರಿದು ಬ್ಯಾಟಿನ ಹಿಡಿಗೆ ಸುತ್ತಿ ದಪ್ಪ ಮಾಡಿದ್ದವಳೂ ಅವಳೇ. ತಾನು ಮಾಡಿದ್ದು ತಪ್ಪಾಯಿತೇ ಎಂದು ಆಟೋದಲ್ಲಿ ಎರಡು ಸಲ ಕೇಳಿದಳು. ಭಾವ ಎರಡು ಸಲವೂ "ಇಲ್ಲ" ಎಂದರು.

ಮಾರ್ಚ್‌ನಲ್ಲಿ ಕತ್ತಿನ ಶಸ್ತ್ರಚಿಕಿತ್ಸೆಯಾಯಿತು. ಬೆರಳಿಗೆ ಸ್ಪರ್ಶ ಮರಳಬಹುದು, ಮರಳದೆಯೂ ಇರಬಹುದು, ಮರಳುವ ತನಕ ಬ್ಯಾಟಿನ ಮಾತೇ ಬೇಡ ಎಂದು ವೈದ್ಯರು ಹೇಳಿದರು. ಬಲಮೂಲೆಯಲ್ಲಿ ಈಗ ಶ್ರೀರಾಂಪುರದವರು ಆಡುತ್ತಿದ್ದಾರೆ.

ಮೊನ್ನೆ ಶನಿವಾರ ಬೆಳಿಗ್ಗೆ ಏಳಕ್ಕೆ ಅಕ್ಕನ ಫೋನ್ ಬಂತು. ಬಿಸಿ ಕಾಫಿ ಲೋಟ ಎತ್ತಿಕೊಂಡಾಗ ಭಾವನ ಬಲಗೈ ಹೆಬ್ಬೆರಳು ಚುರ್ ಎಂದಿತಂತೆ.