ಹತ್ತೂವರೆಯ ಬನ್ಸ್ ಮತ್ತು ಅಂತರರಾಷ್ಟ್ರೀಯ ಸಂಬಂಧ

ಮೂವತ್ತು ವರ್ಷದಿಂದ ನಾಸಿಕದಲ್ಲಿ ಹೋಟೆಲು ನಡೆಸುತ್ತಿರುವವನಿಗೆ ಗಿರಾಕಿಯನ್ನು ಒಂದು ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳುವುದು ಯಾವ ಮಹಾವಿದ್ಯೆ? ಹೀಗೆಂದುಕೊಂಡೇ ಮಗಳು ಶ್ರಾವ್ಯಾಳ ನೂರು ಫಾರ್ಮುಗಳನ್ನು ಕೌಂಟರಿನ ಮೇಲೆ ಇಟ್ಟುಕೊಂಡೆ.

ಅವಳು ಛತ್ರಪತಿ ಸಂಭಾಜಿನಗರದಲ್ಲಿ ಅಂತರರಾಷ್ಟ್ರೀಯ ಸಂಬಂಧ ಓದುತ್ತಾಳೆ, ಜೊತೆಗೆ ದತ್ತಾಂಶ ವಿಶ್ಲೇಷಣೆ. ದೇಶದೇಶಗಳ ಜಗಳವನ್ನು ಅಂಕಿಯಲ್ಲಿ ಹಿಡಿಯುವ ಹುಡುಗಿ! ನನಗೆ ಪಕ್ಕದ ಹೋಟೆಲಿನವನ ಜಗಳವೇ ಇನ್ನೂ ಅರ್ಥವಾಗಿಲ್ಲ. ಗಡಿಯವರೆಗೆ ಈರುಳ್ಳಿ ಲೋಡು ಒಯ್ಯುವ ಲಾರಿಯವರಿಗೆ, ರಫ್ತು ನಿಂತಾಗ ನೆರೆದೇಶದ ಬಗ್ಗೆ ಏನನ್ನಿಸುತ್ತದೆ ಎಂಬುದು ಅವಳ ಪ್ರಾಜೆಕ್ಟು. ಸೋಮವಾರ ಮಂಡಿಸಬೇಕು, ತಪ್ಪಿದರೆ ವರ್ಷವೇ ಹೋಯಿತು. ಲಾರಿಯವರು ತಿಂಡಿಗೆ ಬರುವುದು ನಮ್ಮಲ್ಲಿಗೇ.

"ಅವರು ಹೇಳಿದ್ದೇ ಬರೆಯಿರಿ ಅಪ್ಪ. ಒಂದರಿಂದ ಐದರೊಳಗೆ ನಂಬರ್, ಒಂದು ಅಂದ್ರೆ ತೀರಾ ಸಿಟ್ಟು, ಐದು ಅಂದ್ರೆ ತುಂಬಾ ಒಳ್ಳೆ ಅಭಿಪ್ರಾಯ. ಟೈಮ್ ಕೂಡ ಹಾಕಿ" ಎಂದಿದ್ದಳು.

ಇಪ್ಪತ್ತೆರಡು ಫಾರ್ಮು ಸುಸೂತ್ರವಾಗಿ ತುಂಬಿದವು. ಆಮೇಲೆ ಬಂದ ಡ್ರೈವರ್ "ಒಂದು" ಎಂದ. ನನ್ನ ಹೋಟೆಲಿನಲ್ಲಿ ಕುಳಿತು ಒಂದು! ಅತೃಪ್ತನಾಗಿ ಎದ್ದು ಹೋದ ಗಿರಾಕಿ ನಮ್ಮ ಚರಿತ್ರೆಯಲ್ಲೇ ಇಲ್ಲ. ಆಗಷ್ಟೇ ಬಾಣಲೆಯಿಂದ ತೆಗೆದ ಎರಡು ಬನ್ಸ್ ಅವನ ತಟ್ಟೆಗೆ ಹಾಕಿ, ತಿಂದಾದ ಮೇಲೆ ಅದೇ ಪ್ರಶ್ನೆ ಮತ್ತೆ ಕೇಳಿದೆ.

"ಐದು ಬರೀರಿ ಶೇಟ್. ಎಲ್ಲರೂ ಒಳ್ಳೆಯವರೇ."

ಅಲ್ಲಿಂದ ಮುಂದೆ ಬನ್ಸ್ ಮೊದಲು, ಪ್ರಶ್ನೆ ಆಮೇಲೆ. ಎರಡೇ ಗಂಟೆಯಲ್ಲಿ ನೆರೆಹೊರೆಯ ದೇಶಗಳಲ್ಲೆಲ್ಲ ಶಾಂತಿ ನೆಲೆಸಿತು.

ಶನಿವಾರ ಮನೆಗೆ ಬಂದ ಶ್ರಾವ್ಯಾ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿದಳು. ಹತ್ತೂವರೆಯ ತನಕ ಮೇಲೆ ಕೆಳಗೆ ಓಡಾಡಿದ ಗ್ರಾಫಿನ ಗೆರೆ, ಆಮೇಲೆ ಮೇಲಕ್ಕೆ ಹಾರಿ ಅಲ್ಲೇ ನೆಟ್ಟಗೆ ಮಲಗಿತ್ತು.

"ಹತ್ತೂವರೆಗೆ ಹೋಟೆಲಲ್ಲಿ ಎಂತ ಆಯ್ತು ಅಪ್ಪ?"

"ಎಂತ ಇಲ್ಲ."

ಒಳಗೆ ಹಿಟ್ಟು ನಾದುತ್ತಿದ್ದ ನನ್ನವಳು, "ನಮ್ಮಲ್ಲಿ ಬನ್ಸ್ ಆಗುವುದೇ ಹತ್ತೂವರೆಗೆ" ಎಂದಳು.

ಒಪ್ಪಿಕೊಂಡೆ. ಮಗಳ ಕಣ್ಣು ತುಂಬಿತು. "ಎರಡು ತಿಂಗಳ ಕೆಲಸ ಅಪ್ಪ" ಎಂದಳು, ಅಷ್ಟೇ.

"ಗಣಪತಿ ಮಾಡಿ ಅಂದ್ರೆ ಅವನಪ್ಪನನ್ನು ಮಾಡಿಟ್ಟಿದ್ದೀರಿ" ಎಂದಳು ನನ್ನವಳು.

ಭಾನುವಾರ ಮಗಳು ನನ್ನನ್ನು ಕೌಂಟರಿನಿಂದ ಎಬ್ಬಿಸಿ, ತಿಂಡಿ ಬರುವ ಮೊದಲೇ ತಾನೇ ಎಲ್ಲರನ್ನೂ ಕೇಳಿದಳು. ಸೋಮವಾರ ಕಾಲೇಜಿನಲ್ಲಿ ಎರಡೂ ಗೆರೆಗಳನ್ನು ಪರೀಕ್ಷಕರ ಮುಂದಿಟ್ಟಳು. ಕೇಳುವವನು ಉಪಚಾರ ಮಾಡಿದರೆ ಉತ್ತರ ಎಷ್ಟು ಬದಲಾಗುತ್ತದೆ ನೋಡಿ, ಇದು ನನ್ನ ತಂದೆ ಮಾಡಿದ ತಪ್ಪು ಎಂದಳು. ಪರೀಕ್ಷಕರು ಕನ್ನಡಕ ತೆಗೆದು, "ತಪ್ಪನ್ನು ಮುಚ್ಚಿಡದೆ ಅಳೆದು ತೋರಿಸಿದೆಯಲ್ಲ, ಶಾಬಾಸ್" ಎಂದರು.

ಅವಳ ಜೊತೆಗೇ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನನಗೆ ಸಂತೋಷ ತಡೆಯಲಾಗಲಿಲ್ಲ. ಇಂಥ ಮಗಳು ನನಗೆ ಹೇಗೆ ಹುಟ್ಟಿದಳೋ! ಮನೆಯಿಂದ ತಂದಿದ್ದ ಬನ್ಸಿನ ಡಬ್ಬಿ ಬಿಚ್ಚಿಕೊಂಡು ಪರೀಕ್ಷಕರತ್ತ ನಡೆದೆ. ಶ್ರಾವ್ಯಾ ಓಡಿ ಬಂದಳು.

"ಡಬ್ಬಿ ಮುಚ್ಚಿ ಅಪ್ಪ. ಅವರಿನ್ನೂ ಮಾರ್ಕ್ಸ್ ಹಾಕಿಲ್ಲ."

ಹೊರಗಿನ ಜಗಲಿಯಲ್ಲಿ ಎರಡು ಗಂಟೆ ಕಾದೆ. ಹಸಿವಾಗಿ, ತಣ್ಣಗಾದ ಬನ್ಸ್ ಒಬ್ಬನೇ ತಿಂದೆ. ಪ್ರಾಮಾಣಿಕವಾಗಿ ಬರೆಯುತ್ತಿದ್ದೇನೆ: ಆ ಬನ್ಸಿಗೆ ಐದರಲ್ಲಿ ಎರಡು.