ಹೆಣ್ಣು ನೋಡಲು ಹೋದ ಸಿಗ್ನಲ್ ಪರೀಕ್ಷಕ

ಕಳೆದ ಭಾನುವಾರ ಶ್ರೀರಾಂಪುರದಲ್ಲಿ ನನ್ನ ಭಾಮೈದ ಮಂಜುನಾಥ ಹೆಣ್ಣು ನೋಡಿದ. ಅವನು ಕೇಳಿದ್ದಕ್ಕೆಲ್ಲ ಹುಡುಗಿ ಆಗಲ್ಲ ಅಂದಳು. ಪ್ರತಿ ಸಲವೂ ಅವನ ಮುಖ ಅರಳಿತು. ಪತ್ರಿಕೆಗೆ ಬರೆಯುವವನಾಗಿ ನಾನು ಇಷ್ಟಕ್ಕೇ ನಿಲ್ಲಿಸಬೇಕು. ಆದರೆ ಆ ಸಂಬಂಧ ಹುಡುಕಿದವನೂ ನಾನೇ ಆದ್ದರಿಂದ ಹಿನ್ನೆಲೆ ಕೊಟ್ಟುಬಿಡುವುದು ಕ್ಷೇಮ.

ಮಂಜನದು ಚಿಕ್ಕಜಾಜೂರಿನಲ್ಲಿ ರೈಲ್ವೆ ಸಿಗ್ನಲ್ ಪರೀಕ್ಷಿಸುವ ಕೆಲಸ. ಸಿಗ್ನಲ್ಲನ್ನು ಆಳುವ ಯಂತ್ರಕ್ಕೆ ಅವನ ಕಂಪ್ಯೂಟರ್ ದಿನವಿಡೀ ತಾನಾಗಿಯೇ ಕೆಟ್ಟ ಆಜ್ಞೆಗಳನ್ನು ಕೊಡುತ್ತಿರುತ್ತದೆ: ಒಂದೇ ಹಳಿಗೆ ಎರಡು ರೈಲು ಬಿಡು, ಗೇಟು ತೆರೆದಿರುವಾಗಲೇ ಹಸಿರು ದೀಪ ಹಚ್ಚು. ನಿಜವಾದ ರೈಲಿಲ್ಲ, ಎಲ್ಲ ಪರದೆಯ ಮೇಲೆಯೇ. ಯಂತ್ರ ಆಗಲ್ಲ ಅಂದರೆ ಪಾಸು. ಹೂಂ ಅಂದರೆ ಮಂಜನಿಗೆ ಅಂದು ಊಟ ಸೇರುವುದಿಲ್ಲ. ಸಂಪು ಬರಿದಾದರೆ ತಾನೇ ನಿಲ್ಲುತ್ತದೆಂದು ನಾನು ಕೊಂಡ ಮೋಟಾರನ್ನು ಅವನು ಒಮ್ಮೆ ಬರಿದಾದ ಸಂಪಿನಲ್ಲೇ ಓಡಿಸಿದ. ಅದು ನಿಲ್ಲಲಿಲ್ಲ. “ಈಗ್ಲೇ ಗೊತ್ತಾತಲ್ಲ ಭಾವ, ಒಳ್ಳೇದಾತು” ಅಂದ, ಹೊಗೆಯ ನಡುವೆ.

ಹೆಣ್ಣು ನೋಡುವಾಗಲೂ ಅವನದು ಇದೇ ಕ್ರಮ. ಹಿಂದೆ ನೋಡಿದ ಹುಡುಗಿಯರೆಲ್ಲ ಅವನು ಕೇಳಿದ್ದಕ್ಕೆಲ್ಲ ಹೂಂ ಅಂದಿದ್ದರು, ಇವನು ಒಲ್ಲೆ ಅಂದಿದ್ದ. ಇದೂ ತಪ್ಪಿದರೆ ತಾನಿನ್ನು ಯಾರ ಮನೆಗೂ ಬರುವುದಿಲ್ಲವೆಂದು ಅವನ ತಾಯಿ, ಅಂದರೆ ನನ್ನ ಅತ್ತೆ, ಬಸ್ಸಿನಲ್ಲೇ ಘೋಷಿಸಿದ್ದರು.

ಹುಡುಗಿ ಸುಮಾ ಹೊಸದುರ್ಗದ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವವಳು. ಉಪ್ಪಿಟ್ಟು ಕೊಟ್ಟು ಎದುರಿಗೇ ಕುಳಿತಳು.

“ಮದ್ವೆ ಆದ್ಮೇಲೆ ಕೆಲ್ಸ ಬಿಡ್ತೀರಾ?” ಮಂಜ ಶುರುಮಾಡಿದ.

“ಇಲ್ರಿ.”

“ನಮ್ಮವ್ವ ಬ್ಯಾಡ ಅಂದ್ರೆ ತವರಿಗೆ ಬರಾದು ನಿಲ್ಲಿಸ್ತೀರಾ?”

“ಆಗಲ್ರಿ.”

“ನಾನು ಏನಂದ್ರೂ ಹೂಂ ಅಂತೀರಾ?”

“ಅದ್ಯಾಕ್ರಿ ಅನ್ಲಿ?”

ಮಂಜ ತೊಡೆ ತಟ್ಟಿಕೊಂಡು “ಪಾಸು!” ಅಂದುಬಿಟ್ಟ.

ಹುಡುಗಿಯ ತಂದೆಯ ಕಾಫಿ ಲೋಟ ಅರ್ಧದಲ್ಲೇ ನಿಂತಿತು. “ಏನಪ್ಪ, ನನ್ ಮಗಳಿಗೆ ಪರೀಕ್ಷೆ ಇಡಾಕೆ ಬಂದೀಯೇನು?” ಅತ್ತೆ ನನ್ನ ಮುಖ ನೋಡಿದರು. ನಾನು ಉಪ್ಪಿಟ್ಟು ನೋಡಿದೆ. ಗಾಬರಿಯಲ್ಲಿ ಮಂಜ ತನ್ನ ಕೆಲಸದ ರೀತಿಯನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

“ಇರಪ್ಪಾಜಿ, ನಾನೂ ಕೇಳ್ತೀನಿ” ಅಂದಳು ಸುಮಾ. “ನಾಳೇನೇ ಉದ್ಘಾಟನೆ ಐತೆ, ಟೆಸ್ಟ್ ಅರ್ಧಕ್ಕೆ ಬಿಟ್ಟು ಸಹಿ ಹಾಕು ಅಂತ ದೊಡ್ಡ ಸಾಹೇಬ್ರು ಅಂದ್ರೆ ಹಾಕ್ತೀರಾ?”

“ಹಾಕಲ್ರಿ.”

“ಕೆಲ್ಸ ಹೋಗ್ತೈತೆ ಅಂದ್ರೆ?”

“ಹೋಗ್ಲಿ ಬಿಡ್ರಿ. ರೈಲಾಗೆ ಜನ ಇರ್ತಾರೆ.”

ಅವಳು ತಂದೆಯ ಕಡೆ ತಿರುಗಿದಳು. “ಇವ್ರೂ ಪಾಸು ಅಪ್ಪಾಜಿ.”

ಆ ಯಜಮಾನರು ನಕ್ಕ ರಭಸಕ್ಕೆ ಕಾಫಿ ಪಂಚೆಯ ಮೇಲೆ ಬಿತ್ತು.

ನಿಶ್ಚಿತಾರ್ಥ ಮುಂದಿನ ತಿಂಗಳು ಹೊಳಲ್ಕೆರೆಯಲ್ಲಿ. ಹಾರ ತರುವುದು, ಬಸ್ಸು ಗೊತ್ತುಮಾಡುವುದು, ಅಡುಗೆಯವರನ್ನು ಹುಡುಕುವುದು ಎಲ್ಲವನ್ನೂ ಅತ್ತೆ ನನಗೇ ವಹಿಸಿದ್ದಾರೆ. ಎಲ್ಲದಕ್ಕೂ ನಾನು ಹೂಂ ಅಂದಿದ್ದೇನೆ.